ನಾಂಗ್ ಪಾಸಿಂಗ್ ಮಾಡಿದ ಎರಡು ಪೆಟ್ಟಿಗೆಗಳು

ಹಲಸಿನ ಹಲಗೆಯೊಂದನ್ನು ಎರಡು ಬೆರಳಲ್ಲಿ ಎತ್ತಿ ಕಿವಿಯ ಹತ್ತಿರ ಹಿಡಿದು, ಗೆಣ್ಣಿನಿಂದ ಒಮ್ಮೆ ತಟ್ಟಿದರೆ ಸಾಕು, ಅದು ಎಂಥ ಗಿಟಾರ್ ಆದೀತು ಎಂದು ಪ್ಲಾಸಿಡಾ ಓಂಪಾದ್ ಹೇಳಿಬಿಡುತ್ತಿದ್ದಳು. ಸೆಬು ಪೇಟೆಯ ಎದುರಿನ ದ್ವೀಪದಲ್ಲಿ, ಮರಿಬಾಗೊದ ನಮ್ಮ ಗಿಟಾರ್ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಅವಳದು ಅದೇ ಕೆಲಸ. ಹಲಗೆ ಆರಿಸುವುದು, ಹತ್ತರಿ ಹಿಡಿದು ತೆಳುಮಾಡುವುದು, ತಟ್ಟುವುದು, ಮತ್ತೆ ತೆಳುಮಾಡುವುದು. ಪಕ್ಕದ ಮೇಜು ನನ್ನದು. ನಾನು ರೂಫೊ, ವಾರ್ನಿಷ್ ಹಚ್ಚುವವನು. ಒಂದೇ ಓಣಿಯವರು ನಾವು. ನನಗಿಂತ ಏಳು ವರ್ಷ ದೊಡ್ಡವಳಾದ್ದರಿಂದ ಅವಳು ನನಗೆ ನಾಂಗ್ ಪಾಸಿಂಗ್, ಅಂದರೆ ಪಾಸಿಂಗ್ ಅಕ್ಕ. ಅವಳ ಅಣ್ಣ ಎಲ್ಪಿಡಿಯೊ ಇಡೀ ಓಣಿಗೇ ನೋಂಗ್ ಪಿದ್ಯೊ, ಪಿದ್ಯೊ ಅಣ್ಣ.

ಅವಳು ಮದುವೆಯಾಗಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ, "ಮೂರು ಜನಾನ ತಟ್ಟಿ ನೋಡ್ದೆ, ಒಬ್ಬನೂ ಸರಿಯಾಗಿ ಮೊಳಗ್ಲಿಲ್ಲ" ಎನ್ನುತ್ತಿದ್ದಳು. ಅಪ್ಪನ ಮನೆಯಲ್ಲೇ ಉಳಿದಳು. ಅಣ್ಣ ಹೆಂಡತಿ ಮಕ್ಕಳೊಂದಿಗೆ ಪಕ್ಕದ ಮನೆಯಲ್ಲಿ.

ಅವಳ ಅಪ್ಪ ದ್ವೀಪದಿಂದ ದ್ವೀಪಕ್ಕೆ ಓಡಾಡುವ ಹಡಗಿನಲ್ಲಿ ಬಡಗಿಯಾಗಿದ್ದವರು. ಎಪ್ಪತ್ತರ ಸುಮಾರಿಗೆ ಯಾವನೋ ನಾವಿಕನಿಂದ ಒಂದು ರೆಕಾರ್ಡ್ ಪ್ಲೇಯರನ್ನೂ ಅದರ ಜೊತೆಗಿದ್ದ ಎರಡು ಸ್ಪೀಕರುಗಳನ್ನೂ ಕೊಂಡು ತಂದರು. ತಂದ ವರ್ಷವೇ ಓಣಿಯ ಚಾಪೆಲ್ಲಿಗೆ ಧ್ವನಿವರ್ಧಕ ಬೇಕು ಎಂದು ಪಾದ್ರಿಗಳು ಕೇಳಿದರು. ಅಪ್ಪ ಒಂದು ಸ್ಪೀಕರನ್ನು ಹೊತ್ತುಕೊಂಡು ಹೋಗಿ ಅಲ್ಲಿ ಇಟ್ಟು ಬಂದರು. "ದೇವ್ರಿಗೊಂದು, ನಮಗೊಂದು" ಎಂದರಂತೆ. ಕಡಲ ಉಪ್ಪುಗಾಳಿಗೆ ದೇವರ ಪಾಲಿನದು ಹತ್ತು ವರ್ಷದಲ್ಲಿ ತುಕ್ಕು ಹಿಡಿದು ಹೋಯಿತು. ಮನೆಯದು ಮಾತ್ರ ಹಾಡುತ್ತಲೇ ಇತ್ತು.

ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ಓಣಿಯ ಮಕ್ಕಳ ತಂತಿವಾದ್ಯದ ಮೇಳವನ್ನು ಶಾಲೆಯ ಸಂಗೀತದ ಮೇಷ್ಟ್ರು ದೋಣಿ ಹತ್ತಿಸಿ ಸೆಬು ಪೇಟೆಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಸಣ್ಣ ಕಂಪನಿ ಅವರ ರೆಕಾರ್ಡು ಮಾಡಿತು. ಹನ್ನೆರಡು ಮಕ್ಕಳು. ಹುಡುಗರ ಕೈಯಲ್ಲಿ ಗಿಟಾರುಗಳು. ಹದಿನೈದರ ಪಿದ್ಯೊ ತನಗಿಂತ ಎತ್ತರದ ಬಾಸ್ ಹಿಡಿದು ಹಿಂದೆ ನಿಂತಿದ್ದ. ಐವರು ಹುಡುಗಿಯರದು ಬಾಂದುರ್ರಿಯ, ಅಂದರೆ ಪಿಯರ್ ಹಣ್ಣಿನ ಆಕಾರದ, ಹದಿನಾಲ್ಕು ತಂತಿಯ ಪುಟ್ಟ ವಾದ್ಯ. ಐವರಲ್ಲಿ ಎಲ್ಲರಿಗಿಂತ ಚಿಕ್ಕವಳು ಪಾಸಿಂಗ್, ಹನ್ನೊಂದು ವರ್ಷ. ಮಗುವಿಗೊಂದರಂತೆ ಹನ್ನೆರಡು ರೆಕಾರ್ಡು ಬಂದವು. ಅಷ್ಟರಲ್ಲಿ ಆ ಕಂಪನಿಯೂ ಬಾಗಿಲು ಹಾಕಿಕೊಂಡಿತು.

ಓಣಿಯಲ್ಲಿ ಪ್ಲೇಯರ್ ಇದ್ದದ್ದು ಪಾಸಿಂಗಳ ಮನೆಯಲ್ಲಿ ಮಾತ್ರ. ಎಲ್ಲರೂ ಅಲ್ಲಿಗೇ ಬಂದು ನೆಲದ ಮೇಲೆ ಕೂತು ಕೇಳಿದರು. ಗಿಟಾರುಗಳು ಮೊಳಗಿದವು, ಪಿದ್ಯೊನ ಬಾಸ್ ಹೊಟ್ಟೆಗೇ ಬಂದು ತಾಗಿತು. ಬಾಂದುರ್ರಿಯಗಳು ಮಾತ್ರ ಪಕ್ಕದ ಕೋಣೆಯ ಸೊಳ್ಳೆಗಳ ಹಾಗೆ ಎಲ್ಲೋ ಕೇಳಿದವೋ ಇಲ್ಲವೋ.

"ನಿಮ್ಮನ್ನ ಕರ್ಕೊಂಡು ಹೋಗಿದ್ದು ಫೋಟೋಗೆ ಕಣೇ" ಎಂದ ಪಿದ್ಯೊ. ರೆಕಾರ್ಡಿನ ಹೊದಿಕೆಯ ಮೇಲಿನ ಫೋಟೋದಲ್ಲಿ ಐವರು ಹುಡುಗಿಯರೇ ಮುಂದಿನ ಸಾಲಿನಲ್ಲಿದ್ದರು, ನಿಜ. "ಬಿಳಿ ಫ್ರಾಕು ಚೆನ್ನಾಗಿತ್ತು ಅಂತ ಮುಂದೆ ಕೂರ್ಸಿದ್ರು. ಬಾರ್ಸಿದ್ದು ನಾವು."

ಆ ಮಾತು ಐವತ್ತು ವರ್ಷ ಉಳಿಯಿತು. ಕ್ರಿಸ್ಮಸ್ಸಿಗೆ, ನಾಮಕರಣಕ್ಕೆ, ಹುಟ್ಟುಹಬ್ಬಕ್ಕೆ, ತೆಂಗಿನ ಹೆಂಡ ಎರಡು ಲೋಟ ಇಳಿದರೆ ಸಾಕು, ಪಿದ್ಯೊ ಆ ರೆಕಾರ್ಡು ಹಾಕುತ್ತಿದ್ದ. ಹಾಕಿ, ಕೈಯನ್ನು ಕಿವಿಯ ಹಿಂದೆ ಇಟ್ಟು, "ಎಲ್ಲಮ್ಮ ನಿನ್ ಬಾಂದುರ್ರಿಯ? ಶ್... ಎಲ್ರೂ ಸುಮ್ನಿರಿ, ನನ್ ತಂಗಿ ಬಾರಿಸ್ತಿದಾಳೆ" ಎಂದು ನಗಿಸುತ್ತಿದ್ದ. ಮೊದಮೊದಲು ಪಾಸಿಂಗ್ ಜಗಳಕ್ಕೆ ನಿಲ್ಲುತ್ತಿದ್ದಳು: "ಮೂರನೇ ಹಾಡಲ್ಲಿ ಎಂಟು ಆವರ್ತ ನಾನೊಬ್ಳೇ ಬಾರಿಸಿದೀನಿ. ಮೇಷ್ಟ್ರು ನಂಗೇ ಕೊಟ್ಟಿದ್ರು." ಆದರೆ ಮೂರನೆಯ ಹಾಡಿನ ಆ ಜಾಗದಲ್ಲಿ ಬಾಸ್ ಒಂದೇ ಮೆಲ್ಲಗೆ ಹೆಜ್ಜೆ ಹಾಕುತ್ತಿತ್ತು, ಮೇಲೆ ಏನೂ ಇರಲಿಲ್ಲ. ಮೇಷ್ಟ್ರೂ ತೀರಿಕೊಂಡಿದ್ದರು. ನಲವತ್ತು ದಾಟಿದ ಮೇಲೆ ಅವಳು ಉತ್ತರ ಕೊಡುವುದನ್ನು ಬಿಟ್ಟಳು. ಒಮ್ಮೆ ನನ್ನ ಹತ್ತಿರ ಹೇಳಿದಳು, "ಈಗೀಗ ನಂಗೇ ಅನುಮಾನ ಕಣೋ ರೂಫೊ. ಬಾರಿಸಿದ್ನೋ, ಇಲ್ಲ ಕನಸು ಕಂಡಿದ್ನೋ."

ಎರಡು ಸಾವಿರದ ಇಪ್ಪತ್ತೊಂದರ ಡಿಸೆಂಬರಿನಲ್ಲಿ ಆ ದೊಡ್ಡ ಚಂಡಮಾರುತ ಬಂತು. ಓಣಿಯಲ್ಲಿ ಮಾಡು ಉಳಿದ ಮನೆ ಒಂದೂ ಇರಲಿಲ್ಲ. ಉಳಿದವರ ರೆಕಾರ್ಡುಗಳು ಅದಾಗಲೇ ಒಂದೊಂದಾಗಿ ಹಾಳಾಗಿದ್ದವು; ಇದ್ದ ಒಂದೆರಡು ಅವತ್ತು ಹೋದವು. ಪಾಸಿಂಗ್ ಪ್ಲೇಯರನ್ನೂ ತನ್ನ ರೆಕಾರ್ಡನ್ನೂ ಟಾರ್ಪಾಲಿನಲ್ಲಿ ಸುತ್ತಿ ಅಡುಗೆಮನೆಯ ಮೇಜಿನ ಕೆಳಗೆ ತುರುಕಿ, ತಾನೂ ಅದರ ಪಕ್ಕ ಕೂತಿದ್ದಳು. ಅವೆರಡೂ ಉಳಿದವು. ಗೋಡೆಗೆ ಒರಗಿಸಿದ್ದ ಸ್ಪೀಕರಿನೊಳಗೆ ಸದ್ದು ಹೊರಡಿಸುವ ಕಾಗದದ ಕೋನು ಮಾತ್ರ ನೆಂದು ಹರಿಯಿತು. ಬಾವಿಯ ಹತ್ತಿರದ ಹಲಸಿನ ಮರ ಬೇರುಸಮೇತ ಅಡ್ಡ ಬಿದ್ದಿತ್ತು. ಅವಳ ಅಜ್ಜ ನೆಟ್ಟ ಮರ.

ಮಂಡಿನೋವು ಜಾಸ್ತಿಯಾಗಿ, ಅರವತ್ತೂ ತುಂಬಿದ್ದರಿಂದ ಕಾರ್ಖಾನೆ ಮತ್ತೆ ತೆರೆದಾಗ ಅವಳು ಬರಲಿಲ್ಲ. ಮರವನ್ನು ಕೊಯ್ಯಿಸಿ ಹಲಗೆಗಳನ್ನು ನೆರಳಲ್ಲಿ ಒಟ್ಟಿದಳು. ಕಾರ್ಖಾನೆಯ ಯಜಮಾನರು ಬಂದು ಹಲಗೆ ಕೇಳಿದರು. ಅವಳು ಕೊಡಲಿಲ್ಲ.

"ಎಷ್ಟು ಗಿಟಾರ್ ಆಗುತ್ತೆ ಇದ್ರಲ್ಲಿ?" ಎಂದೆ ನಾನು.

"ಒಂದೂ ಆಗಲ್ಲ. ಜೀವಮಾನ ಪೂರ್ತಿ ಬೇರೆಯವ್ರ ತೊಡೆ ಮೇಲೆ ಕೂರೋ ವಸ್ತು ಮಾಡಿದೀನಿ. ಇದು ನನ್ ಮನೇಲಿ ಕೂರೋದು."

ಏನು ಎಂದು ಅವಳಿಗೇ ಆಗ ಗೊತ್ತಿರಲಿಲ್ಲ.

ಕರೆಂಟು ಬಂದ ಮೇಲೆ ನಾವಿಬ್ಬರೂ ಪ್ಲೇಯರನ್ನೂ ಹರಿದ ಸ್ಪೀಕರನ್ನೂ ಜೀಪಿಗೆ ಏರಿಸಿಕೊಂಡು, ಆಮೇಲೆ ಕಟ್ಟಿದ ಸೇತುವೆ ದಾಟಿ ಪೇಟೆಗೆ ಹೋದೆವು. ಕೊಲೊನ್ ರಸ್ತೆಯ ಒಳಗಿನ ಗಲ್ಲಿಯಲ್ಲಿ ಕ್ವಿರಿನೊ ಎಂಬ ಮುದುಕರ ರಿಪೇರಿ ಅಂಗಡಿ. ಅವರು ಪ್ಲೇಯರನ್ನು ಮಗುವಿನ ಹಾಗೆ ಬೋರಲು ಮಲಗಿಸಿ ಹಿಂಭಾಗ ನೋಡಿದರು.

"ಒಂದು ಸ್ಪೀಕರ್ ತಂದಿದೀರಿ. ಇನ್ನೊಂದು?"

"ದೇವ್ರ ಹತ್ರ ಇದೆ" ಎಂದಳು ಪಾಸಿಂಗ್.

ಅವರು ಎದೆಗೆ ಶಿಲುಬೆ ಗುರುತು ಹಾಕಿಕೊಂಡರು. "ಯಾವಾಗ ತೀರ್ಕೊಂಡಿದ್ದು?"

"ಅಯ್ಯೋ, ಚಾಪೆಲ್‌ಗೆ ಕೊಟ್ವಿ. ಐವತ್ತು ವರ್ಷ ಆಯ್ತು."

ಕ್ವಿರಿನೊ ಕನ್ನಡಕ ತೆಗೆದರು. "ಹಂಗಾದ್ರೆ ಐವತ್ತು ವರ್ಷದಿಂದ ನೀವು ಕೇಳಿರೋದು ಅರ್ಧ."

"ಸದ್ದು ಕಮ್ಮಿ ಅಂತಲಾ? ಜೋರಾಗೇ ಇತ್ತಲ್ಲ."

"ಸದ್ದಿನ ಮಾತಲ್ಲಮ್ಮ. ಎರಡು ಸ್ಪೀಕರಿಗೆ ಅಂತ ಮಾಡಿದ ರೆಕಾರ್ಡ್ ಪ್ಲೇಟಿನ ಒಂದೇ ಗೆರೇಲಿ ಎರಡು ದಾರಿ ಇರುತ್ತೆ. ಎಡಗಡೆ ಕೂತು ಬಾರಿಸಿದವ್ರು ಒಂದು ಸ್ಪೀಕರಲ್ಲಿ, ಬಲಗಡೆಯವ್ರು ಇನ್ನೊಂದ್ರಲ್ಲಿ. ಆಗಿನ ಕಂಪನಿಗಳು ಖಡಾಖಂಡಿತವಾಗಿ ಭಾಗ ಮಾಡ್ಬಿಡ್ತಿದ್ರು, ಅಣ್ಣತಮ್ಮಂದಿರು ಜಮೀನು ಹಂಚಿಕೊಂಡಂಗೆ. ನಿಮ್ಮ ಹತ್ರ ಉಳಿದಿದ್ದು ಎಡಗಡೇದು. ಬಲಗಡೆಯವ್ರು ಪಾಪ ಬಾರಿಸ್ತಾನೇ ಇದಾರೆ, ಹೊರಗೆ ಬರೋಕೆ ಬಾಗ್ಲಿಲ್ಲ."

ಪಾಸಿಂಗ್ ಅಂಗಡಿಯ ಸ್ಟೂಲಿನ ಮೇಲೆ ಕೂತಳು. ಎರಡೂ ಕೈಯನ್ನು ಎದುರಿಗೆ ಎತ್ತಿ, ಯಾವುದು ಎಡ ಯಾವುದು ಬಲ ಎಂದು ಮರೆತವಳ ಹಾಗೆ ನೋಡಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. "ರೂಫೊ, ಆ ಕೋಣೇಲಿ ಹುಡುಗೀರನ್ನೆಲ್ಲ ಕಿಟಕಿ ಕಡೆ ಕೂರಿಸಿದ್ರು. ನಮ್ಮ ಮುಂದೆ ಬೇರೇನೇ ಮೈಕು. ಬಲಗಡೆ."

"ಪ್ಲೇಟು ತಂದಿದ್ರೆ ಈಗ್ಲೇ ಇಲ್ಲೊಂದು ಹಳೇ ಸ್ಪೀಕರ್ ಸಿಕ್ಕಿಸಿ ಕೇಳಿಸ್ತಿದ್ದೆ" ಎಂದರು ಕ್ವಿರಿನೊ. "ನಾಳೆ ತನ್ನಿ."

ಅವಳು ಎದ್ದು ನಿಂತಳು. "ಬೇಡ. ಕೇಳೋದಾದ್ರೆ ನನ್ ಮನೇಲಿ, ನನ್ ಕೈಯಾರೆ ಮಾಡಿದ ಪೆಟ್ಟಿಗೇಲಿ, ನಮ್ಮಣ್ಣನ ಎದುರಿಗೇ ಕೇಳ್ತೀನಿ. ನೀವು ಒಳಗಿನ ಸಾಮಾನು ಕೊಡಿ. ಎರಡು ಜೊತೆ, ಒಂದೇ ಥರದ್ದು."

ಕ್ವಿರಿನೊ ಹಳೆಯ ಯಂತ್ರವೊಂದರಿಂದ ಬಿಚ್ಚಿದ ಎರಡು ದೊಡ್ಡ ಕೋನು, ಎರಡು ಚಿಕ್ಕವು ಕೊಟ್ಟರು. ಪೆಟ್ಟಿಗೆಯ ಉದ್ದಗಲ ಒಂದು ಚೀಟಿಯಲ್ಲಿ ಬರೆದು, ಕೆಳಗೆ "ಹಲಗೆ ದಪ್ಪ ಇರಲಿ" ಎಂದು ಎರಡು ಗೆರೆ ಎಳೆದರು. ಜೀಪಿನಲ್ಲಿ ಬರುವಾಗ ಅವಳು ನನ್ನಿಂದ ಆಣೆ ಹಾಕಿಸಿಕೊಂಡಳು: ಪಿದ್ಯೊನಿಗೆ ಒಂದು ಮಾತೂ ಹೇಳಬಾರದು.

ಹಲಗೆ ಒಣಗಲು ಒಂದು ವರ್ಷದ ಮೇಲಾಯಿತು. ಆ ವರ್ಷವೆಲ್ಲ ಪಿದ್ಯೊ ಹಳೆಯ ತಮಾಷೆ ತೆಗೆದಾಗಲೆಲ್ಲ ಅವಳು ನನ್ನ ಮುಖ ನೋಡಿ, ತುಟಿ ಒತ್ತಿಕೊಂಡು, ಒಣಮೀನು ಮಗುಚಲು ಒಳಗೆ ಹೋಗಿಬಿಡುತ್ತಿದ್ದಳು.

ಹಲಗೆ ಒಣಗಿದ ಮೇಲೆ ಅವಳು ಮಾಡಿದ ಮೊದಲ ಜೋಡಿ ಪೆಟ್ಟಿಗೆಗಳಷ್ಟು ಚೆಲುವಾದ ವಸ್ತುವಿಗೆ ನಾನು ವಾರ್ನಿಷ್ ಹಚ್ಚಿದ್ದೇ ಇಲ್ಲ. ಚೀಟಿಯ ಕೊನೆಯ ಸಾಲನ್ನು ಅವಳು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. "ದಪ್ಪ ಹಲಗೇಲಿ ಏನು ನಾದ ಬರುತ್ತೆ? ಆ ಮುದುಕಪ್ಪಂಗೆ ತಂತಿ ಗೊತ್ತು, ಮರ ಗೊತ್ತಿಲ್ಲ" ಎಂದು ಗಿಟಾರಿನಷ್ಟೇ ತೆಳುವಾಗಿ ಕೆರೆದಳು. ಪಕ್ಕಗಳನ್ನು ಬಿಸಿ ಕೊಳವೆಗೆ ಒತ್ತಿ ಬಾಗಿಸಿದಳು. ಬೆರಳು ತಾಗಿದರೆ ಘಂಟೆಯ ಹಾಗೆ ಮೊಳಗುತ್ತಿದ್ದವು.

ಪರೀಕ್ಷೆಗೆ ಬೇರೊಂದು ಹಳೆಯ ಕುಣಿತದ ರೆಕಾರ್ಡು ಹಾಕಿದೆವು. ಮೊದಲ ಹತ್ತು ಕ್ಷಣ ಅವಳ ಮುಖ ಅರಳಿತು. ಆಮೇಲೆ ಒಂದು ತಗ್ಗಿನ ಸ್ವರ ಬಂತು. ಪೆಟ್ಟಿಗೆ ತಾನೂ ಹಾಡತೊಡಗಿತು. ಆ ಸ್ವರ ಬಂದಾಗಲೆಲ್ಲ ಒಳಗೆ ಯಾರೋ ಹಲ್ಲುನೋವಿನವನು ಗೊಣಗಿದ ಹಾಗೆ "ಭೋಂ" ಎನ್ನುವುದು. ಹಾಡುವವಳ ದನಿ, ಡೋಲು, ತುತ್ತೂರಿ ಎಲ್ಲ ಆ ಗೊಣಗಾಟದಲ್ಲಿ ಮುಳುಗಿಹೋದವು.

ಸದ್ದು ಕೇಳಿ ಬೇಲಿಯಾಚೆಯಿಂದ ಪಿದ್ಯೊ ಇಣುಕಿದ. "ಏನೇ ಅದು? ಶವಪೆಟ್ಟಿಗೆ ಮಾಡಿಟ್ಕೊಳ್ತಿದೀಯ ಅಂದ್ಕೊಂಡಿದ್ದೆ, ಒಳಗೆ ಆಗ್ಲೇ ಯಾರೋ ಇದಾರಲ್ಲ!"

ಮೂರು ವಾರ ಅವಳು ಪೆಟ್ಟಿಗೆಗಳಿದ್ದ ಕೋಣೆಗೆ ಕಾಲಿಡಲಿಲ್ಲ. ಮರದ ವಿಷಯದಲ್ಲಿ ಅವಳು ತಪ್ಪಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೂವತ್ತೆಂಟು ವರ್ಷದ ಹೆಸರು ಎರಡು ಡಬ್ಬಗಳ ಮುಂದೆ ಮಣ್ಣಾಯಿತು ಎಂಬ ಹಾಗೆ ಬಾಗಿಲಲ್ಲಿ ಕೂತಿರುತ್ತಿದ್ದಳು. ನಾಲ್ಕನೆಯ ವಾರ ಒಂದು ಪೆಟ್ಟಿಗೆಯನ್ನು ನನ್ನ ಹೆಗಲಿಗೆ ಹೊರಿಸಿ ಕ್ವಿರಿನೊ ಅವರಲ್ಲಿಗೆ ಹೊರಟಳು.

ಅವರು ಪೆಟ್ಟಿಗೆಯನ್ನು ತಟ್ಟಿದರು. ಅದು ಮೊಳಗಿತು. "ಎಂಥ ಕೈ ನಿಮ್ಮದು!" ಎಂದರು. "ತಂತಿ ಕಟ್ಟಿ ಯಾರಿಗಾದ್ರೂ ಕೊಟ್ಬಿಡಿ. ಸ್ಪೀಕರಿಗೆ ಆಗಲ್ಲ."

"ಯಾಕೆ?"

"ಗಿಟಾರಿನ ಮರ ಮಾತಾಡ್ಬೇಕು. ಇಲ್ಲಿ ಮಾತಾಡೋದು ಒಳಗಿರೋ ಕೋನು. ಮರಾನೂ ಜೊತೇಲಿ ಬಾಯಿ ಹಾಕಿದ್ರೆ ಯಾರ ಮಾತು ಕೇಳೋದು?"

"ಮೂವತ್ತೆಂಟು ವರ್ಷ ಮರಕ್ಕೆ ಮಾತು ಕಲ್ಸಿದೀನಿ. ಈಗ ಬಾಯ್ಮುಚ್ಚು ಅನ್ಬೇಕಾ?"

"ಹ್ಞೂಂ. ಮಾತು ಕಲ್ಸೋಕೆ ಬಂದವ್ರಿಗೇ ಅದೂ ಬರೋದು."

ದಾರಿಯುದ್ದಕ್ಕೂ ಅವಳು ಅದನ್ನೇ ಯೋಚಿಸಿದಳು. ಹೇಗೆ ಮಾಡಬೇಕು ಎಂದು ಕ್ವಿರಿನೊ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಎರಡು ದಿನ ಬಿಟ್ಟು ನಾನು ಹೋದಾಗ ಅಂಗಳದಲ್ಲಿ ಮೂರು ಬುಟ್ಟಿ ಕಡಲ ಮರಳು. ಬಾವಿಯ ನೀರಲ್ಲಿ ಏಳು ಸಲ ತೊಳೆದು ಉಪ್ಪು ತೆಗೆದು, ಹೊಸ ತಗಡಿನ ಮಾಡಿನ ಮೇಲೆ ಹರಡಿ ಒಣಗಿಸುತ್ತಿದ್ದಳು. ಕೋಳಿಗಳನ್ನು ಓಡಿಸುವುದು ನನ್ನ ಕೆಲಸವಾಯಿತು.

"ಒಂದು ಗೋಡೆ ಬದ್ಲು ಎರಡು ಗೋಡೆ" ಎಂದಳು. "ಮಧ್ಯೆ ಬೆರಳು ಅಗಲ ಸಂದು. ಸಂದಿಗೆ ಮರಳು. ಮರ ನಡುಗೋಕೆ ಹೋದ್ರೆ ಮರಳು ಅದರ ಕೈ ಹಿಡ್ಕೊಳ್ಳುತ್ತೆ."

ಈ ಸಲ ಹಲಗೆ ಹೆಬ್ಬೆರಳಿನಷ್ಟು ದಪ್ಪ. ಒಳಗೆ ಅಡ್ಡಪಟ್ಟಿಗಳು. ಅವಳ ಅಮ್ಮನ ಕಾಲದ ಹಾಸಿಗೆ ಬಿಚ್ಚಿ ಬೂರುಗದ ಹತ್ತಿಯನ್ನು ಒಳಮೈಗೆ ತುಂಬಿದಳು. ಮರಳು ಸುರಿಯುತ್ತಾ ಕೋಲಿನಿಂದ ಹೊರಗಿನಿಂದ ತಟ್ಟುತ್ತಾ, ಮತ್ತೆ ಸುರಿಯುತ್ತಾ ಒಂದು ವಾರ ಕಳೆದಳು. ಕೊನೆಗೆ ಒಂದೊಂದು ಪೆಟ್ಟಿಗೆ ಎತ್ತಲು ನಾಲ್ಕು ಜನ ಬೇಕಾದರು. ಅವಳು ಬಗ್ಗಿ ಕಿವಿ ಇಟ್ಟು ಗೆಣ್ಣಿನಿಂದ ತಟ್ಟಿದಳು. "ಧಪ್." ಬಂಡೆಗೆ ತಟ್ಟಿದ ಹಾಗೆ. ಜೀವಮಾನವಿಡೀ ಮರ ಮೊಳಗಿದಾಗ ನಕ್ಕವಳು ಅವತ್ತು ಏನೂ ಕೇಳಿಸದಿದ್ದುದಕ್ಕೆ ನಕ್ಕಳು.

ಸೆಪ್ಟೆಂಬರಿನ ಒಂದು ಭಾನುವಾರ, ಪೂಜೆ ಮುಗಿದ ಮೇಲೆ ಊಟಕ್ಕೆ ಕರೆದಳು. ಬಾಂದುರ್ರಿಯದ ಐವರಲ್ಲಿ ಒಬ್ಬಳು ದೂರದ ದಾವಾವೊಗೆ ಹೋಗಿ ನೆಲಸಿದ್ದಳು, ಒಬ್ಬಳು ತೀರಿಕೊಂಡಿದ್ದಳು. ಪಾಸಿಂಗ್ ಬಿಟ್ಟು ಉಳಿದಿಬ್ಬರು, ಕಾರಿಂಗ್ ಮತ್ತು ಲೋಲೆಂಗ್, ಬಂದರು. ಒಬ್ಬಳು ಊರುಗೋಲು ಹಿಡಿದು, ಇನ್ನೊಬ್ಬಳು ಮೊಮ್ಮಗಳ ಕೈ ಹಿಡಿದು. ಪಿದ್ಯೊ ಸೊಂಟಕ್ಕೆ ಕೈಯಿಟ್ಟು ಪೆಟ್ಟಿಗೆಗಳ ಸುತ್ತ ಒಂದು ಸುತ್ತು ಹಾಕಿದ. ತೆಂಗಿನಗರಿಯಲ್ಲಿ ಬೇಯಿಸಿದ ಅನ್ನದ ಪೊಟ್ಟಣಗಳು, ಕೆಂಡದ ಮೇಲೆ ಸುಟ್ಟ ಹಂದಿಮಾಂಸ, ವಿನೆಗರ್ ಮೆಣಸಿನಕಾಯಿ. ಊಟವಾದ ಮೇಲೆ ಪಾಸಿಂಗ್ ಗೆಳತಿಯರಿಬ್ಬರನ್ನೂ ಬಲಗಡೆಯ ಪೆಟ್ಟಿಗೆಯ ಎದುರಿಗೆ ಕೂರಿಸಿದಳು.

"ಅದೇ ಪ್ಲೇಟಾ?" ಎಂದ ಪಿದ್ಯೊ. "ತಡಿ, ತಡಿ, ನಾನು ಬಾಂದುರ್ರಿಯ ಹುಡುಕ್ತೀನಿ." ಕೈ ಕಿವಿಯ ಹಿಂದೆ ಹೋಯಿತು.

ಅವಳು ಸೂಜಿ ಇಳಿಸಿದಳು. ಎಡಗಡೆಯಿಂದ ಎಂದಿನಂತೆ ಗಿಟಾರುಗಳು ಎದ್ದವು, ಬಾಸ್ ಹೆಜ್ಜೆ ಹಾಕಿತು. ಪಿದ್ಯೊ ತಲೆದೂಗಿದ. ನಾಲ್ಕು ಆವರ್ತ ಕಳೆಯಿತು. ಆಮೇಲೆ ಬಲಗಡೆಯಿಂದ ತಗಡಿನ ಮಾಡಿನ ಮೇಲೆ ಮಳೆ ಬಿದ್ದ ಹಾಗೆ ಐದು ಬಾಂದುರ್ರಿಯಗಳು ಒಟ್ಟಿಗೇ ಸುರಿದವು. ರಾಗವೆಲ್ಲ ಅವರ ಹತ್ತಿರವೇ ಇತ್ತು! ಐವತ್ತು ವರ್ಷ ನಾವು ಹಾಡೆಂದು ಕೇಳಿದ್ದು ಹಾಡಿನ ತಾಳವನ್ನಷ್ಟೇ.

ಲೋಲೆಂಗ್ ಬಾಯಿಗೆ ಹಾಕಿಕೊಂಡಿದ್ದ ಸಿಹಿಯನ್ನು ಜಗಿಯುವುದು ಮರೆತಳು. ಕಾರಿಂಗ್‌ಳ ಬಲಗೈ ತೊಡೆಯ ಮೇಲೆ ತಾನಾಗಿಯೇ ಮೀಟತೊಡಗಿತ್ತು. ಪಿದ್ಯೊನ ಕೈ ಕಿವಿಯಿಂದ ಕೆಳಗಿಳಿಯಿತು.

ಮೂರನೆಯ ಹಾಡು ಬಂತು. ಗಿಟಾರುಗಳು ನಿಂತವು, ಬಾಸ್ ಮೆಲ್ಲಗಾಯಿತು. ಬಲಗಡೆಯಿಂದ ಒಂದೇ ಒಂದು ಬಾಂದುರ್ರಿಯ ಹೊರಟಿತು. ಹನ್ನೊಂದು ವರ್ಷದ ಹುಡುಗಿಯ ಕೈ. ಸ್ವಲ್ಪ ಬಿಗಿ, ಸ್ವಲ್ಪ ಹಟ, ಆದರೆ ಒಂದೊಂದು ಸ್ವರವೂ ನೀರು ಹನಿದಷ್ಟು ಸ್ವಚ್ಛ. ಎಂಟು ಆವರ್ತ. ಎಂಟನೆಯದರ ಕೊನೆಯಲ್ಲಿ ಮಿಕ್ಕವರು ಸೇರಿಕೊಳ್ಳುವ ಮೊದಲೇ ಅವಳು ಮುಂದಿನ ಸಾಲಿಗೆ ಒಂದು ಸ್ವರ ಬೇಗ ಹಾರಿಬಿಟ್ಟಳು. ಆ ಹಿಂದೆಯೇ ರೆಕಾರ್ಡಿನೊಳಗಿಂದ ಮೇಷ್ಟ್ರ "ಶ್" ಎಂಬ ಪಿಸುದನಿ.

ಕಾರಿಂಗ್ ಊರುಗೋಲನ್ನು ನೆಲಕ್ಕೆ ಕುಟ್ಟಿದಳು. "ನೀನೇ! ಅದು ನೀನೇ ಕಣೇ! ಅವತ್ತೂ ಹಿಂಗೇ, ಕುಂಡೆಗೆ ಇರುವೆ ಕಚ್ಚಿದೋಳ ಥರ ಅವಸರ!"

"ಹೌದು, ನಾನೇ" ಎಂದಳು ಪಾಸಿಂಗ್. ನೆಟ್ಟಗೆ ನಿಂತಿದ್ದಳು, ಮಂಡಿನೋವಿನ ಸುದ್ದಿಯೇ ಇಲ್ಲ. "ಬಾರಿಸಿದ್ದೂ ನಾನೇ. ತಪ್ಪಿದ್ದೂ ನಾನೇ."

ಎಲ್ಲರೂ ಪಿದ್ಯೊನ ಕಡೆ ನೋಡಿದೆವು. ಅವನು ಬಲಗಡೆಯ ಪೆಟ್ಟಿಗೆಯ ಎದುರಿಗೆ ಕುರ್ಚಿ ಎಳೆದುಕೊಂಡ. "ಇನ್ನೊಂದ್ಸಲ ಹಾಕು" ಎಂದ. ಹಾಕಿದಳು. ಆ ಎಂಟು ಆವರ್ತ ಮುಗಿದ ಮೇಲೆ, "ಐವತ್ತು ವರ್ಷ ನಾನೊಬ್ಬ ಕತ್ತೆ" ಎಂದ. ಆಮೇಲೆ, "ತಪ್ಪು ಅಪ್ಪಂದು ಅನ್ನೋಣ ಅಂದ್ರೆ, ಅವ್ನು ದೇವ್ರಿಗೆ ಕೊಟ್ಟ. ದೇವ್ರದ್ದು ಅನ್ನೋಕೆ ಧೈರ್ಯ ಇಲ್ಲ. ನಂದೇ ಇರ್ಲಿ."

ಅಷ್ಟು ಹೇಳಿ ಎದ್ದು ಹೊರಗೆ ಹೋದ. ಮುಖ ಮುಚ್ಚಿಕೊಳ್ಳಲು ಹೋದ ಎಂದುಕೊಂಡೆವು. ಅವನು ಗೇಟಿನ ಹತ್ತಿರ ನಿಂತು ಮೀನು ಮಾರುವವನ ದನಿಯಲ್ಲಿ ಓಣಿಗೆಲ್ಲ ಕೂಗುತ್ತಿದ್ದ: "ಬನ್ರೋ, ಬನ್ರೋ! ನನ್ ತಂಗಿ ಬಾರಿಸಿದ್ದು ಕೇಳಿ ಬನ್ರೋ! ಕುರ್ಚಿ ಇಲ್ಲದವ್ರು ಕುರ್ಚಿ ತನ್ನಿ!"

ಬಂದರು. ಅಂಗಳ ತುಂಬಿತು, ಬೇಲಿಯ ಮೇಲೂ ಜನ ಕೂತರು. ಸಂಜೆಯವರೆಗೆ ಆ ಮೂರನೆಯ ಹಾಡನ್ನು ಎಷ್ಟು ಸಲ ಹಾಕಿದಳೋ. ಪ್ರತಿ ಸಲ ಆ ತಪ್ಪು ಬಂದಾಗ ಜನ ಚಪ್ಪಾಳೆ ತಟ್ಟಿದರು.

ಮಾರನೆಯ ವಾರ ಕಾರ್ಖಾನೆಯ ಯಜಮಾನರು ಪೆಟ್ಟಿಗೆ ನೋಡಲು ಬಂದು, ಗಿಟಾರಿನ ಒಳಗೆ ಅಂಟಿಸುವ ತಮ್ಮ ಹೆಸರಿನ ಕಾಗದ ಎರಡು ಪ್ರೀತಿಯಿಂದ ಕೊಟ್ಟರು. ಮೂವತ್ತೆಂಟು ವರ್ಷ ಅವಳ ಕೈಯಿಂದ ಹೊರಟ ಗಿಟಾರುಗಳೆಲ್ಲ ಆ ಕಾಗದ ಹೊತ್ತೇ ಹೋಗಿದ್ದವು. ಅವಳು ಕಾಗದ ತೆಗೆದುಕೊಂಡು, ಕಾಫಿ ಕೊಟ್ಟು, ಅವರನ್ನು ಗೇಟಿನವರೆಗೆ ಬಿಟ್ಟು ಬಂದಳು. ಆಮೇಲೆ ನನ್ನಿಂದ ಸಣ್ಣ ಕುಂಚವನ್ನೂ ಕಪ್ಪು ಬಣ್ಣವನ್ನೂ ಇಸಿದುಕೊಂಡು, ಎರಡೂ ಪೆಟ್ಟಿಗೆಯ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಳು: ಪ್ಲಾಸಿಡಾ ಓಂಪಾದ್ ಮಾಡಿದ್ದು, ಮರಿಬಾಗೊ.

"ಹಿಂದೆ ಬರೆದ್ರೆ ಯಾರಿಗೆ ಕಾಣುತ್ತೆ ನಾಂಗ್?" ಎಂದೆ.

ಅವಳು ಒಂದು ಗಳಿಗೆ ಯೋಚಿಸಿದಳು. ಕುಂಚ ಅದ್ದಿ, ಮುಂಬದಿಗೆ ಬಂದು, ಅಲ್ಲೂ ಬರೆದಳು.

ಈಗ ಭಾನುವಾರ ಮಧ್ಯಾಹ್ನ ಅವಳ ಮನೆಯಲ್ಲಿ ಕೂರಲು ಜಾಗವಿರುವುದಿಲ್ಲ. ಜನ ಟ್ರಂಕಿನ ತಳದಿಂದ, ಪೇಟೆಯ ನೆಂಟರ ಮನೆಯಿಂದ ಹಳೆಯ ರೆಕಾರ್ಡು ಹುಡುಕಿ ತರುತ್ತಾರೆ. ಕ್ವಿರಿನೊ ಒಮ್ಮೆ ಬಂದು ಮರಳಿನ ಗೋಡೆಯನ್ನು ತಟ್ಟಿ, ಮತ್ತೆ ತಟ್ಟಿ, ಲೆಕ್ಕ ಬರೆದುಕೊಂಡು ಹೋದರು. ಇನ್ನೊಬ್ಬ ಗಿರಾಕಿಗೆ ಬೇಕಂತೆ. ಮೊನ್ನೆ ನಾನು ಹೋದಾಗ ಅವಳು ಅಂಗಳದಲ್ಲಿ ಕೂತು ಒಂದು ಅಗಲವಾದ ಹವಳದ ಕಲ್ಲನ್ನು ನೀರು ಹಾಕಿ ಉಜ್ಜುತ್ತಿದ್ದಳು.

"ಇದೇನು ನಾಂಗ್?"

"ಪ್ಲೇಯರ್ ಕೆಳಗೆ ಇಡೋಕೆ. ನಿಮ್ ನೋಂಗ್ ಪಿದ್ಯೊ ಈಗೀಗ ಹಾಡು ಕೇಳ್ತಾ ಕುಣೀತಾನೆ, ನೆಲ ಅಲುಗಿ ಸೂಜಿ ಹಾರುತ್ತೆ. ಅವನನ್ನಂತೂ ಕೂರಿಸೋಕಾಗಲ್ಲ" ಎಂದು ಕಲ್ಲನ್ನು ಮಗುಚಿ, ಇನ್ನೊಂದು ಮಗ್ಗುಲು ಉಜ್ಜತೊಡಗಿದಳು.